ಹಡಗು ತಿರುಗುವ ಹೊತ್ತು

"ಒಳಗೆ ಏನಿದೆ ಅಂತ ಹೇಳೋದು ಬೇಡ. ಉಸಿರಾಡುತ್ತೋ ಇಲ್ವೋ, ಅಷ್ಟು ಹೇಳು ಸಾಕು," ಎಂದ ಆರ್ವೊ ಬಾಗಿಲ ಹೊರಗಿನಿಂದ.

ಒಳಗೆ ನೆಲದ ಮೇಲೆ ಕುಳಿತು ಪೆಟ್ಟಿಗೆಯ ಟೇಪು ಕತ್ತರಿಸುತ್ತಿದ್ದ ಕೈಸಾಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಯಾರಿಗೂ ತೋರಿಸಲ್ಲ ಅಂತ ಸಹಿ ಹಾಕಿದೀನಿ. ಹೋಗು, ಕಾಫಿ ಆರಿಹೋಗುತ್ತೆ."

"ನನ್ನ ಮನೇಲಿ ನನಗೇ ಬೀಗ!"

"ಆ ಬೀಗ ಕೂರಿಸಿದೋನು ಯಾರು?"

ಬೀಗ ಕೂರಿಸಿದವನು ಅವನೇ. ಅಮ್ಮನ ಹೊಲಿಗೆ ಕೋಣೆಗೆ ನಲವತ್ತು ವರ್ಷ ಒಂದು ಚಿಲಕವೂ ಇರಲಿಲ್ಲ. ಈ ಪೆಟ್ಟಿಗೆಯ ಯಂತ್ರ ಕಳಿಸುವ ಕಂಪನಿಯವರು ಬೀಗವಿರುವ ಕೋಣೆ ಬೇಕೇ ಬೇಕು ಎಂದು ಬರೆದಿದ್ದರಿಂದ ಹೋದ ವಾರ ಆರ್ವೊ ತಾನೇ ಬಾಗಿಲು ಕೊರೆದು ಹಿತ್ತಾಳೆಯ ಬೀಗ ಜೋಡಿಸಿದ್ದ. ಯಾತಕ್ಕೆ ಎಂದು ಆಗ ಕೇಳಿರಲಿಲ್ಲ. ಮಗಳು ತಾನಾಗಿಯೇ ಕರೆದು ತೋರಿಸುತ್ತಾಳೆ ಎಂದುಕೊಂಡಿದ್ದನೋ ಏನೋ.

ಪೆಟ್ಟಿಗೆಯಿಂದ ಹೊರಬಂದದ್ದು ಅಂಗಡಿಯಲ್ಲಿ ಸಿಗುವ, ಟಿವಿಗೆ ಜೋಡಿಸಿ ವಿಡಿಯೋ ಆಟ ಆಡುವ ಕನ್ಸೋಲಿನಂತೆಯೇ ಇತ್ತು. ಸ್ವಲ್ಪ ದಪ್ಪ, ಸ್ವಲ್ಪ ಕುರೂಪಿ. ಆದರೆ ಅಂಗಡಿಯದರಲ್ಲಿ ಬೇರೆಯವರು ಮಾಡಿದ ಆಟಗಳನ್ನು ಆಡಬಹುದಷ್ಟೆ. ಇದರಲ್ಲಿ ತನ್ನದೇ ಆಟವನ್ನು ಹಾಕಿ ನೋಡಬಹುದು. ಅದಕ್ಕಾಗಿ ಅರ್ಜಿ ಹಾಕಿ, ತಾನೊಬ್ಬಳೇ ಇರುವ ಒಂದು ಕಂಪನಿಯನ್ನು ನೋಂದಾಯಿಸಿ, ಐದು ತಿಂಗಳು ಕಾದಿದ್ದಳು. ಕೈಸಾಳಿಗೆ ನಲವತ್ತನಾಲ್ಕು ವರ್ಷ. ಅಮೆರಿಕದ ದೊಡ್ಡ ಸರೋವರವೊಂದರ ದಡದ ಡುಲೂತ್ ಊರಿನ ಕಾಗದದ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಯಂತ್ರದ ಭಾಗಗಳ ನಕ್ಷೆ ಬರೆದವಳು. ಕಾರ್ಖಾನೆ ಮುಚ್ಚಿದ ಮೇಲೆ ಜೊತೆಯವರೆಲ್ಲ ದೊಡ್ಡ ಊರುಗಳಿಗೆ ಹೋದರು. ಇವಳು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅರ್ಧ ದಿನದ ಕೆಲಸ ಹಿಡಿದು, ಉಳಿದರ್ಧ ದಿನ ಆಟ ಕಟ್ಟುತ್ತ ಕುಳಿತಳು. ಮೂರು ವರ್ಷ ಕಳೆದಿತ್ತು.

ಆಟ ಬಹಳ ಸಣ್ಣದು. ಒಂದು ಹಡಗು, ಒಂದು ಬಂದರು, ಒಂದು ವರ್ಷ. ಅದಿರು ಸಾಗಿಸುವ ಸಾವಿರ ಅಡಿ ಉದ್ದದ ಹಡಗನ್ನು ಮುನ್ನೂರು ಅಡಿ ಅಗಲದ ಕಾಲುವೆಯೊಳಗೆ ತರಬೇಕು. ಒಂದು ದಿನ ಮಂಜು, ಒಂದು ದಿನ ಗಾಳಿ, ಒಂದು ದಿನ ತೇಲುವ ಹಿಮಗಡ್ಡೆ. ಅಷ್ಟೆ. ಆರ್ವೊ ಮೂವತ್ತೊಂದು ವರ್ಷ ಮಾಡಿದ್ದು ಅದನ್ನೇ. ಅವನು ಅಂಥ ಹಡಗುಗಳಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದವನು. ಕೈಸಾ ಚಿಕ್ಕವಳಿದ್ದಾಗ ಸರೋವರ ಹೆಪ್ಪುಗಟ್ಟಿದರೆ ಅಪ್ಪ ಬರುತ್ತಿದ್ದ, ಕರಗಿದರೆ ಹೋಗುತ್ತಿದ್ದ. ಅಷ್ಟು ತಿಂಗಳು ನೀರಿನ ಮೇಲೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ, "ಚಕ್ರ ಹಿಡ್ಕೊಂಡಿದ್ದೆ" ಎನ್ನುತ್ತಿದ್ದ. ಅದರಾಚೆಗೆ ಒಂದು ಮಾತೂ ಇಲ್ಲ. ಅಮ್ಮ ತೀರಿಕೊಂಡ ಮೇಲೂ ಇಲ್ಲ.

ನಾಲ್ಕನೆಯ ದಿನ ಬೆಳಗಿನ ತಿಂಡಿಗೆ ಆರ್ವೊ ಗಡ್ಡ ಹೆರೆದುಕೊಂಡು ಬಂದು ಕುಳಿತ.

"ನಿನ್ನ ಕಂಪನೀಲಿ ಕೆಲಸ ಖಾಲಿ ಇದೆಯಾ?"

"ಏನು?"

"ನಿನ್ನ ಕಂಪನಿಯೋರು ನೋಡಬಹುದು ತಾನೇ ಅದನ್ನ? ನಿನ್ನೆ ಫೋನಲ್ಲಿ ಯಾರಿಗೋ ಹೇಳ್ತಿದ್ದೆ. ಕಿವಿ ಇನ್ನೂ ಚೆನ್ನಾಗೇ ಇದೆ ನಂಗೆ."

ಕೈಸಾ ಕರಾರುಪತ್ರವನ್ನು ಮತ್ತೊಮ್ಮೆ ತೆಗೆದು ಓದಿದಳು. ಅಪ್ಪ ಹೇಳಿದ್ದು ಸರಿ. ಗುಟ್ಟು ಕಾಯುವುದಾಗಿ ಸಹಿ ಮಾಡಿದ ಕೆಲಸಗಾರರು ನೋಡಬಹುದು. ಅವಳು ಹನ್ನೊಂದು ಪುಟ ಅಚ್ಚು ತೆಗೆದು ಮೇಜಿನ ಮೇಲಿಟ್ಟಳು. ಸುಮ್ಮನೆ ಗೀಚುತ್ತಾನೆ ಎಂದುಕೊಂಡರೆ, ಆರ್ವೊ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಎಲ್ಲವನ್ನೂ ಓದಿದ. ಓದಿ ಮುಗಿಸುವ ಹೊತ್ತಿಗೆ ತಟ್ಟೆಯಲ್ಲಿದ್ದ, ಏಲಕ್ಕಿ ಹಾಕಿದ ಸಿಹಿ ಪುಲ್ಲಾ ಬ್ರೆಡ್ಡು ಖಾಲಿಯಾಗಿತ್ತು.

"ಸಾಯೋವರೆಗೂ ಬಾಯಿ ಬಿಡಬಾರದು ಅಂತಿದೆಯಲ್ಲಮ್ಮಾ ಇದರಲ್ಲಿ."

"ನಿಂಗೇನು ಕಷ್ಟ ಅದು?"

ಆರ್ವೊ ಅವಳ ಮುಖ ನೋಡಿದ. ಆಮೇಲೆ ಸಹಿ ಹಾಕಿದ.

ಆ ವಾರದ ಶುಕ್ರವಾರ ಬೇಕರಿಯಲ್ಲಿ ಹಳೆಯ ಗೆಳೆಯ ಮೆಲ್ವಿನ್ ಅವನನ್ನು ಹಿಡಿದುಕೊಂಡ. ಮೆಲ್ವಿನ್ ಆರ್ವೊ ಇದ್ದ ಹಡಗಿನ ಎಂಜಿನ್ ಕೋಣೆಯಲ್ಲಿದ್ದವನು. ಬ್ರೆಡ್ಡು ಕಟ್ಟಿಸಿಕೊಳ್ಳಲು ಬಂದಿದ್ದ ಕೈಸಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

"ಏನೋ ಆರ್ವೊ, ನಿಮ್ಮನೆಗೆ ದೊಡ್ಡ ಪೆಟ್ಟಿಗೆ ಬಂತಂತೆ?"

"ಬಂತು."

"ಏನದು?"

"ಎಂಜಿನ್ ಕೋಣೆಯೋರಿಗೆ ಹೇಳೋ ಹಾಗಿಲ್ಲ."

"ಥೂ ನಿನ್ನ! ಎಪ್ಪತ್ತೆಂಟಕ್ಕೆ ಕೊಬ್ಬು ನೋಡು."

ಆರ್ವೊ ಮೀಸೆಯ ಮರೆಯಲ್ಲೇ ನಕ್ಕು ಕಾಫಿ ಹೀರಿದ. ಅವನು ಇಷ್ಟು ಸಂತೋಷವಾಗಿದ್ದುದನ್ನು ಕೈಸಾ ಬಹಳ ದಿನಗಳಿಂದ ನೋಡಿರಲಿಲ್ಲ.

ಅಂದು ಮಧ್ಯಾಹ್ನ ಹೊಲಿಗೆ ಕೋಣೆಯ ಬಾಗಿಲು ತೆರೆದು ಅವನನ್ನು ಒಳಗೆ ಕೂರಿಸಿದಳು. ಆರ್ವೊ ಆಟ ನಡೆಸುವ ಗುಂಡಿಗಳಿದ್ದ ಕಂಟ್ರೋಲರನ್ನು ಬಿಸಿ ಗೆಣಸು ಹಿಡಿದವನಂತೆ ಹಿಡಿದ. ಯಾವ ಗುಂಡಿ ಯಾವುದಕ್ಕೆಂದು ಕಲಿಯಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಹಡಗನ್ನು ಮೊದಲ ಸಲವೇ, ಕಾಲುವೆಯ ಗೋಡೆಗಳಿಗೆ ಸೋಕದಂತೆ ನಡುವಿನಿಂದ ಒಳಗೆ ತಂದ. ಕೈಸಾ ಚಪ್ಪಾಳೆ ತಟ್ಟಿದಳು. ಅವನ ಮುಖ ಮಾತ್ರ ಇಳಿದುಹೋಗಿತ್ತು.

"ಇಷ್ಟೇನಾ?"

"ಯಾಕೆ? ಕಾಲುವೆ ಮೇಲಿನ ಸೇತುವೆ ಸರಿಯಾಗಿಲ್ವಾ? ದೀಪಗಳು? ಫೋಟೋ ನೋಡಿ ಒಂದೊಂದೂ ಅಳತೆ ಮಾಡಿದೀನಿ."

"ಎಲ್ಲ ಸರಿಯಾಗಿದೆ. ಹಡಗಿನ ಕಿಟಕಿಯ ಮೊಳೆ ಕೂಡ ಹಾಗೇ ಇದೆ." ಆರ್ವೊ ಕಂಟ್ರೋಲರನ್ನು ತೊಡೆಯ ಮೇಲಿಟ್ಟ. "ಆದ್ರೆ ಇದು ಹಡಗಲ್ಲಮ್ಮಾ. ಹಿಮದ ಮೇಲೆ ಓಡಿಸೋ ಸ್ನೋಮೊಬೈಲು."

ಕೈಸಾಳಿಗೆ ಚುರುಕ್ಕೆಂದಿತು. ಮೊದಲ ವರ್ಷ ಹಡಗು ನಿಧಾನವಾಗಿಯೇ ತಿರುಗುತ್ತಿತ್ತು. ಆಟ ಕಟ್ಟುವವರ ಕೂಟವೊಂದರಲ್ಲಿ ಅದನ್ನು ಆಡಿಸಿದಾಗ ಆರು ಜನರಲ್ಲಿ ಐದು ಜನ ಗುಂಡಿ ಕೆಟ್ಟಿದೆ ಎಂದು ಎದ್ದುಹೋಗಿದ್ದರು. ಮನೆಗೆ ಬಂದು, ಚಕ್ರ ತಿರುಗಿಸಿದ ಕೂಡಲೇ ಹಡಗೂ ತಿರುಗುವಂತೆ ಬದಲಾಯಿಸಿದ್ದಳು.

"ತಡವಾದ್ರೆ ಜನಕ್ಕೆ ಬೇಜಾರಾಗುತ್ತೆ ಅಪ್ಪಾ. ಬಿಟ್ಟು ಹೋಗ್ತಾರೆ."

"ನಂಗೆ ಮೂವತ್ತೊಂದು ವರ್ಷ ಬೇಜಾರಾಗ್ಲಿಲ್ಲ."

"ಹಾಗಾದ್ರೆ ಹೇಳು. ಚಕ್ರ ತಿರುಗಿಸಿ, ಹಡಗು ತಿರುಗೋವರೆಗೂ ಏನ್ ಮಾಡ್ತಿದ್ದೆ?"

"ಕಾಯ್ತಿದ್ದೆ."

"ಸುಮ್ನೆ?"

"ಸುಮ್ನೆ ಅಂದ್ರೆ..." ಅವನು ಕಿಟಕಿಯತ್ತ ನೋಡಿದ. ಕೆಳಗೆ ದೂರದಲ್ಲಿ ಸರೋವರ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿತ್ತು. "ನೀನು ತಿರುಗಿಸಿರ್ತೀಯ. ಅದಕ್ಕೆ ಕೇಳಿಸ್ತೋ ಇಲ್ವೋ ಗೊತ್ತಾಗಲ್ಲ. ಇನ್ನಷ್ಟು ತಿರುಗಿಸೋಣ ಅನ್ಸುತ್ತೆ. ಹೊಸಬರೆಲ್ಲ ಅಲ್ಲೇ ಕೆಡೋದು. ಕಣ್ಣಿಗೆ ಕಾಣೋದಕ್ಕೆ ಮುಂಚೆ ಅಂಗಾಲಿಗೆ ಗೊತ್ತಾಗುತ್ತೆ. ನೆಲ ಸಣ್ಣಗೆ ನಡುಗುತ್ತೆ, ಬೆಕ್ಕು ಗುರುಗುಟ್ಟಿದ ಹಾಗೆ. ಆಗ ಕೈ ತೆಗೀಬೇಕು. ಅದು ಹೊರಟಿದೆ, ಬರುತ್ತೆ ಅಂತ ಅರ್ಥ."

ಕೈಸಾ ಅವನನ್ನೇ ನೋಡುತ್ತಿದ್ದಳು. ಅಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನೆನಪಿರಲಿಲ್ಲ.

"ಎಷ್ಟು ಸಣ್ಣಗೆ ನಡುಗುತ್ತೆ?"

"ಹಾಗೆಲ್ಲ ಹೇಗೆ ಹೇಳ್ಲಿ?"

"ಇದನ್ನ ಹಿಡ್ಕೋ." ಕಂಟ್ರೋಲರನ್ನು ಅವನ ಕೈಗೆ ಮತ್ತೆ ಕೊಟ್ಟಳು. ಅದರೊಳಗೆ ಸಣ್ಣ ಮೋಟಾರುಗಳಿದ್ದವು. ಇದುವರೆಗೂ ಹಡಗು ಗೋಡೆಗೆ ಬಡಿದಾಗ ಮಾತ್ರ ಅವನ್ನು ನಡುಗಿಸುತ್ತಿದ್ದಳು. ಈಗ ಕೀಲಿಮಣೆಯಲ್ಲಿ ಒಂದು ಸಂಖ್ಯೆ ಬರೆದಳು. "ಹೀಗಾ?"

"ಅಯ್ಯೋ, ಇದು ಭೂಕಂಪ."

"ಈಗ?"

"ಇನ್ನೂ ಕಮ್ಮಿ."

"ಈಗ?"

"ಇದು ಎಂಜಿನ್ನಿನ ನಡುಕ, ಮೆಲ್ವಿನ್‌ನದು. ನಂದು ಇನ್ನೂ ಕೆಳಗಿಂದ ಬರುತ್ತೆ."

ಮೂರು ವಾರ ಹೀಗೇ ನಡೆಯಿತು. ಹಡಗು ಮತ್ತೆ ತಡವಾಗಿ ತಿರುಗತೊಡಗಿತು; ತಿರುಗುವ ಮುಂಚೆ ಕಂಟ್ರೋಲರು ಸಣ್ಣಗೆ ನಡುಗುತ್ತಿತ್ತು. ಆಸ್ಪತ್ರೆಯಿಂದ ಬಂದವಳೇ ಅಪ್ಪನ ಕೈಗೆ ಕಂಟ್ರೋಲರು ಕೊಡುತ್ತಿದ್ದಳು. ಗಾಳಿ ಪಕ್ಕದಿಂದ ಬಂದರೆ ಹೇಗೆ, ಅದಿರು ತುಂಬಿದ್ದರೆ ಹೇಗೆ, ಖಾಲಿ ಇದ್ದರೆ ಹೇಗೆ ಎಂದು ಕೇಳುತ್ತಿದ್ದಳು. ಅವನು ಕಣ್ಣು ಮುಚ್ಚಿ ಕುಳಿತು ಒಂದೊಂದನ್ನೂ ಸರಿ, ತಪ್ಪು ಎನ್ನುತ್ತಿದ್ದ. ನಡುನಡುವೆ, ಕೇಳದೆಯೇ, ಒಂದೊಂದು ಮಾತು ಬರುತ್ತಿತ್ತು. ನವೆಂಬರಿನ ಬಿರುಗಾಳಿಯಲ್ಲಿ ಅಡುಗೆಯವನು ಸೂಪಿನ ಪಾತ್ರೆಗೆ ಸರಪಳಿ ಕಟ್ಟಿದ್ದು. ಒಂದು ಮಂಜಿನ ಬೆಳಿಗ್ಗೆ ಕಾಲುವೆಯ ಗೋಡೆಯ ಮೇಲೆ ನಿಂತಿದ್ದ ಹೆಂಗಸನ್ನು ಹೆಂಡತಿಯೆಂದು ತಿಳಿದು ಕೈಬೀಸಿ, ಕ್ಯಾಪ್ಟನ್‌ನಿಂದ ಬೈಸಿಕೊಂಡದ್ದು. "ಅಮ್ಮನೇ ಇರಬಹುದಿತ್ತಲ್ಲ?" ಎಂದು ಕೈಸಾ ಕೇಳಿದಾಗ, "ಇರಬಹುದಿತ್ತು, ಕೇಳೋಕೆ ಮರೆತೆ," ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದ.

ಆಟವನ್ನು ಪರೀಕ್ಷೆಗೆ ಕಳಿಸಲು ಮೂರು ದಿನವಿತ್ತು. ಕನ್ಸೋಲಿನ ಕಂಪನಿಯವರು ನೋಡಿ ಒಪ್ಪಿದ ಮೇಲೇ ಮಾರಾಟ. ಎರಡು ಸಲ ತಪ್ಪಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು, ಅಂದರೆ ಮತ್ತೆ ಚಳಿಗಾಲ. ಕೈಸಾ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದಾಗ ಕೋಣೆಯಿಂದ ಕೂಗು ಕೇಳಿಸಿತು.

"ಹಡಗು ಮುಳುಗಿಸಿಬಿಟ್ಟೆ ಕಣಮ್ಮಾ!"

ಓಡಿ ಬಂದರೆ ಆರ್ವೊ ಕಾಫಿ ಲೋಟ ಹಿಡಿದು ನಿಂತಿದ್ದ. ಪರದೆಯ ಮೇಲೆ ಹಡಗು ಗೋಡೆಗೆ ಮೂತಿಯಿಟ್ಟು ವಾಲಿತ್ತು.

"ಈ ಕಂಟ್ರೋಲರನ್ನ ಕೆಳಗಿಟ್ಟು ಕಾಫಿ ಬಗ್ಗಿಸ್ಕೊಳ್ಳೋಕೆ ಹೋದೆ. ಹಿಂದಿನ ಮನೆಯೋನು ಮಾತಿಗೆ ಸಿಕ್ಕ. ಬಂದು ನೋಡಿದ್ರೆ ಇದು ನಿದ್ದೆ ಹೋಗಿದೆ, ಹಡಗು ತನ್ನ ಪಾಡಿಗೆ ಹೋಗಿದೆ."

ಕೈಸಾ ನಕ್ಕಳು. ನಗುತ್ತಿದ್ದಂತೆಯೇ ಅವಳ ಮುಖ ಗಂಭೀರವಾಯಿತು. ಕಪಾಟಿನಿಂದ ನಿಯಮಗಳ ದಪ್ಪ ಕಟ್ಟು ತೆಗೆದು ಹಾಳೆ ತಿರುವಿದಳು. ಕಂಟ್ರೋಲರು ಆರಿಹೋದರೆ ಆಟ ಆ ಕ್ಷಣವೇ ನಿಲ್ಲಬೇಕು. ನಿಲ್ಲದಿದ್ದರೆ ಬೇರೇನೂ ನೋಡದೆ ಹಿಂದಕ್ಕೆ ಕಳಿಸುತ್ತಾರೆ. ನೂರಾರು ನಿಯಮಗಳ ನಡುವೆ ಇದೊಂದು ಹೇಗೋ ಕಣ್ತಪ್ಪಿತ್ತು.

"ಕಾಫಿ ಕುಡಿದದ್ದು ಒಳ್ಳೇದಾಯ್ತು ಅಪ್ಪಾ."

"ಹಾಗಾದ್ರೆ ಇನ್ನೊಂದು ಲೋಟ ಕುಡೀತೀನಿ," ಎಂದ ಆರ್ವೊ. ಅಷ್ಟರಲ್ಲಿ ಅಡುಗೆಮನೆಯಿಂದ ಮೀನು ಸೀದ ವಾಸನೆ ಬಂತು.

ಅದನ್ನು ಸರಿಪಡಿಸಿ ಆಟ ಕಳಿಸಿದ ಒಂಬತ್ತು ದಿನಗಳ ನಂತರ ಉತ್ತರ ಬಂತು. ಒಂದೇ ಒಂದು ತಪ್ಪು: ಒಂದು ಗುಂಡಿಯನ್ನು ಕಂಪನಿ ಕರೆಯುವ ಹೆಸರಿನಿಂದ ಕರೆದಿರಲಿಲ್ಲ. ಆರ್ವೊ ಹೆಗಲ ಮೇಲಿನಿಂದ ಬಗ್ಗಿ ಓದಿದ.

"ಹಡಗಿನ ಬಗ್ಗೆ ಏನೂ ಹೇಳಿಲ್ವಲ್ಲ?"

"ಅವರು ಅದನ್ನೆಲ್ಲ ನೋಡಲ್ಲ. ಚೆನ್ನಾಗಿದೆಯಾ ಇಲ್ವಾ ಅನ್ನೋದು ಅವರ ಕೆಲಸ ಅಲ್ಲ."

"ಮತ್ತೆ ಯಾರ ಕೆಲಸ?"

ಕೈಸಾ ಗುಂಡಿಯ ಹೆಸರು ತಿದ್ದಿ ಮತ್ತೆ ಕಳಿಸಿದಳು. ಈ ಸಲ ಒಪ್ಪಿಗೆಯಾಯಿತು. ಆದರೆ ಹಿಂದೆ ಕೂಟದಲ್ಲಿ ಆ ಐದು ಜನ ಎದ್ದುಹೋದದ್ದು ಮನಸ್ಸಿನಿಂದ ಹೋಗಲಿಲ್ಲ. ಹಡಗು ಈಗ ಅಂದಿಗಿಂತಲೂ ನಿಧಾನ.

ಏಪ್ರಿಲ್ ಕೊನೆಯ ಶನಿವಾರ ಊರಿನ ಗ್ರಂಥಾಲಯದಲ್ಲಿ, ಇಲ್ಲಿಯವರು ಕಟ್ಟಿದ ಆಟಗಳನ್ನು ಜನರ ಮುಂದಿಡುವ ಕಾರ್ಯಕ್ರಮವಿತ್ತು. ಒಪ್ಪಿಗೆಯಾದ ಆಟವನ್ನು ಕೈಸಾ ಅಂಗಡಿಯ ಕನ್ಸೋಲಿನಲ್ಲೇ ಹಾಕಿ ಇಟ್ಟಿದ್ದಳು. ಆಡುವವರಿಗೆ ಏನೂ ಹೇಳಿಕೊಡಕೂಡದು, ನೋಡುತ್ತಿರಬೇಕಷ್ಟೆ ಎಂದು ಕೈಸಾ ಅಪ್ಪನಿಗೆ ದಾರಿಯುದ್ದಕ್ಕೂ ಹೇಳಿದ್ದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಕುರ್ಚಿಯ ಹಿಂದೆ ಕೈಕಟ್ಟಿ ನಿಂತ. ಬೆಳಗ್ಗೆ ಬಂದ ಇಬ್ಬರು ಎರಡೇ ನಿಮಿಷಕ್ಕೆ ಎದ್ದುಹೋದರು. ಹನ್ನೊಂದರ ಸುಮಾರಿಗೆ, ಸಿಟಿ ಬಸ್ ಓಡಿಸುವ ಹೆಂಗಸೊಬ್ಬಳು, ಸಮವಸ್ತ್ರದಲ್ಲೇ, ಬಿಡುವಿನ ಹೊತ್ತು ಕಳೆಯಲು ಬಂದು ಕುಳಿತಳು.

ಮೊದಲ ಸಲ ಗೋಡೆಗೆ ಬಡಿದಳು. ಎರಡನೆಯ ಸಲವೂ ಬಡಿದಳು. "ಇದಕ್ಕೆ ಬ್ರೇಕೇ ಇಲ್ವೇನ್ರೀ?" ಎಂದು ಹಿಂದೆ ತಿರುಗಿದಳು. ಆರ್ವೊ ಬಾಯಿ ತೆರೆದು, ಮಗಳ ಮುಖ ನೋಡಿ ಮುಚ್ಚಿಕೊಂಡ. ಮೂರನೆಯ ಸಲ ಅವಳು ಚಕ್ರವನ್ನು ಪೂರ್ತಿ ತಿರುಗಿಸಿ, ಗಾಬರಿಯಲ್ಲಿ ಇನ್ನೊಂದು ಕಡೆಗೂ ತಿರುಗಿಸಿ, ಹಡಗನ್ನು ಅಡ್ಡಡ್ಡ ನಿಲ್ಲಿಸಿದಳು. ಗಡಿಯಾರ ನೋಡಿಕೊಂಡಳು. ಈಗ ಏಳುತ್ತಾಳೆ ಎಂದುಕೊಂಡಳು ಕೈಸಾ.

ಅವಳು ಏಳಲಿಲ್ಲ. ಟೋಪಿ ತೆಗೆದು ಪಕ್ಕಕ್ಕಿಟ್ಟು ಮತ್ತೆ ಶುರುಮಾಡಿದಳು.

ಈ ಸಲ ಕಾಲುವೆ ಇನ್ನೂ ದೂರವಿರುವಾಗಲೇ ಚಕ್ರವನ್ನು ಎಡಕ್ಕೆ ತುಸುವೇ ತಿರುಗಿಸಿದಳು. ಕೈಸಾ ಪರದೆ ನೋಡುವುದು ಬಿಟ್ಟು ಅವಳ ಕೈಗಳನ್ನೇ ನೋಡುತ್ತಿದ್ದಳು. ಹೆಬ್ಬೆರಳು ಇನ್ನಷ್ಟು ತಳ್ಳಲು ಹೋಗಿ ತಡೆದು ನಿಂತಿತು.

"ಇದೇನು, ಕೈಯಲ್ಲಿ..." ಎಂದಳು ಅವಳು, ಯಾರಿಗೂ ಅಲ್ಲ. ಎರಡೂ ಹೆಬ್ಬೆರಳುಗಳನ್ನು ಮೆಲ್ಲನೆ ಮೇಲೆತ್ತಿದಳು.

ಪರದೆಯ ಮೇಲೆ ಹಡಗಿನ ಮೂತಿ ಇನ್ನೂ ನೇರವಾಗಿಯೇ ಇತ್ತು. ಕುರ್ಚಿಯ ಹಿಂದೆ ಆರ್ವೊ ಆಗಲೇ, ಹಡಗು ತಿರುಗಲಿರುವ ಕಡೆಗೆ, ಮೈಭಾರವನ್ನೆಲ್ಲ ಎಡಗಾಲಿಗೆ ಬಿಟ್ಟು ನಿಂತಿದ್ದ.