ಅಮ್ಮನ ಸಂಜೆ ಎಂಬ ಶಾಯಿ

ಹಸಿಯಿದ್ದಾಗ ನೀಲಿ, ಆರುತ್ತ ಬಂದಂತೆ ಬೂದಿ, ಅಂಚಿನಲ್ಲಿ ಎಲ್ಲೋ ಒಂದೆಳೆ ಗುಲಾಬಿ — ಅರೆ, ಇದು ನನ್ನದಲ್ಲವೇ ಎಂದು ಮನಸ್ಸು ಅನ್ನುವ ಮೊದಲೇ ಅವಳ ಕೈಗೆ ಗೊತ್ತಾಗಿಬಿಟ್ಟಿತ್ತು, ಪೆನ್ನು ಹಿಡಿದ ಬೆರಳು ಗೆರೆಯ ನಡುವೆಯೇ ನಿಂತಿತ್ತು, ಇನ್ನೊಂದು ಗೆರೆ ಎಳೆದಳು, ಊದಿದಳು, ಮತ್ತೆ ಅದೇ, ನೀಲಿ, ಬೂದಿ, ಆ ಒಂದೆಳೆ. ಕಾಗದ ಪೆನ್ನುಗಳ ಅಂಗಡಿಯ ಮಹಡಿ, ಭಾನುವಾರದ ಬೆಳಗು, ಫೌಂಟನ್ ಪೆನ್ನಿನ ಹುಚ್ಚಿರುವವರೆಲ್ಲ ಬಂದು ಕೂಡುವ ಹೊತ್ತು, ಕೆಳಗಿನಿಂದ ಝೆರಾಕ್ಸ್ ಯಂತ್ರದ ಗರಗರ, ಮೇಜಿನ ಮೇಲೆ ಹೊಸ ಶಾಯಿಯ ಪುಟ್ಟ ಬಾಟಲಿಗಳ ಸಾಲು, ಬರೆದು ನೋಡಲಿ ಅಂತ ದಾರ ಕಟ್ಟಿಟ್ಟ ಪೆನ್ನು, ಏನ್ರೀ ಇಷ್ಟು ತಡ, ನಿಮ್ಮ ಗೀಚಿ ಇವತ್ತು ಎಂಥಾ ಶಾಯಿ ತಂದಿದಾಳೆ ನೋಡಿ, ಎಂದು ಅಂಗಡಿ ಯಜಮಾನರು ಬಾಗಿಲಲ್ಲೇ ಹೇಳಿದ್ದರು, ಗೀಚಿ ಎಂದರೆ ಅವಳ ಗೆಳತಿ, ಚಿಕ್ಕ ಮಕ್ಕಳ ಟೀಚರು, ಕೈಗೆ ಸಿಕ್ಕ ಬಸ್ ಟಿಕೆಟ್ಟನ್ನೂ ಬಿಡದೆ ಗೀಚುವವಳು, ಹಾಗಾಗಿ ಎಲ್ಲರ ಬಾಯಲ್ಲೂ ಗೀಚಿ. ಇವಳು ಟಿಶ್ಯೂ ಕಾಗದವೊಂದನ್ನು ಎಳೆದುಕೊಂಡು ಒಂದು ಹನಿ ಬಿಟ್ಟಳು, ಹನಿ ಬಿಟ್ಟರೆ ಶಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಬೆರೆಸಿದವರ ಗುಟ್ಟೆಲ್ಲ ಉಂಗುರ ಉಂಗುರವಾಗಿ ಹೊರಗೆ ಬರುತ್ತದೆ, ನಡುವೆ ಬೂದಿ ನಿಂತಿತು, ಗುಲಾಬಿ ಸ್ವಲ್ಪ ದೂರ ನಡೆದು ಕುಳಿತಿತು, ನೀಲಿ ಎಲ್ಲಕ್ಕಿಂತ ಹೊರಗೆ ಓಡಿತು, ಆಮೇಲೆ, ಗುಲಾಬಿ ನೀಲಿಗಳ ಸಂದಿಯಲ್ಲಿ, ಕೂದಲೆಳೆಯಷ್ಟು ಹಳದಿ. ಆ ಹಳದಿಯನ್ನು ಬುದ್ಧಿಯಿರುವ ಯಾರೂ ಹಾಕುವುದಿಲ್ಲ, ಇವಳು ಮನೆಯಲ್ಲಿ ಶಾಯಿ ಬೆರೆಸುವಾಗ ತೊಳೆಯದ ಸಿರಿಂಜಿನಿಂದ ತಪ್ಪಿ ಬಿದ್ದದ್ದು ಅದು, ಅಯ್ಯೋ ಕೆಟ್ಟುಹೋಯಿತು ಎಂದು ಅವಳು ಬಚ್ಚಲಿಗೆ ಸುರಿಯಹೊರಟವಳು ಕೊನೆಯ ಸಲ ಬರೆದು ನೋಡಿದಾಗ ತಿಂಗಳುಗಟ್ಟಲೆ ಕೈಗೆ ಸಿಗದಿದ್ದ ಬಣ್ಣ ಸುಮ್ಮನೆ ಬಂದು ಕೂತಿತ್ತು, ಭಗವಂತ ಹಿಂದಿನಿಂದ ಬಂದು ಮೊಣಕೈ ತಟ್ಟಿದ ಹಾಗೆ.

ಮೊದಲು ಖುಷಿಯಾಯಿತು, ಅದನ್ನು ಹೇಗೆ ಮರೆಯುವುದು, ಮೊದಲು ಬಂದದ್ದು ಖುಷಿಯೇ — ಗೀಚಿ ನನಗೆ ತಿಳಿಯದ ಹಾಗೆ ಇದೆಲ್ಲ ಮಾಡಿಸಿದ್ದಾಳೆ, ನಾನು ಕೊಟ್ಟ ಒಂದು ಬಾಟಲಿಯನ್ನು, ಬರೆದುಕೊಟ್ಟ ಅಳತೆಯನ್ನು ಜೋಪಾನ ಮಾಡಿ, ಎಲ್ಲರೆದುರು ಕೈಹಿಡಿದು ಎಬ್ಬಿಸಿ ನೋಡಿ ಇವಳೇ ಅನ್ನುತ್ತಾಳೆ, ಸೀರೆಯ ಸೆರಗನ್ನು ಒಮ್ಮೆ ಸರಿಮಾಡಿಕೊಂಡಿದ್ದಳು ಕೂಡ, ಥೂ, ನಾಚಿಕೆಯಾಗಬೇಕು. ಬಾಟಲಿಯನ್ನು ತಿರುಗಿಸಿದಳು, ಚೀಟಿಯ ಮೇಲೆ ಅಮ್ಮನ ಸಂಜೆ ಎಂದಿತ್ತು, ತಾನಿಟ್ಟ ಹೆಸರೇ, ಕೆಳಗೆ ಗೀಚಿಯ ಹೆಸರು, ತನ್ನದೂ ಇದೆಯೇ ಎಂದು ಹಿಂದೆ ತಿರುಗಿಸಿದಳು, ತಳ ನೋಡಿದಳು, ಅಂಗಡಿಯಲ್ಲಿ ಬಣ್ಣದ ಡಬ್ಬದ ತಳ ನೋಡುವ ಹಾಗೆ. ಇವಳ ಕೆಲಸವೇ ಅದು, ಗೋಡೆಗೆ ಬಳಿಯುವ ಬಣ್ಣದ ಅಂಗಡಿಯಲ್ಲಿ ಬಣ್ಣ ಕೂಡಿಸಿಕೊಡುವುದು, ಹೋದ ಸಲ ಬಳಿದಿದ್ವಲ್ಲಮ್ಮ ಅದೇ ಹಸಿರು ಕೊಡಿ ಅನ್ನುತ್ತಾರೆ, ಯಾವ ಹಸಿರು ಅಂದರೆ, ಅದೇ, ಹಸಿರು ಹಸಿರಾಗಿ ಇತ್ತಲ್ಲ, ಒಬ್ಬ ಮಹರಾಯ ಬಿಸ್ಕತ್ತು ತಂದು ಇದೇ ಬಣ್ಣ ಹಾಲ್ ಗೋಡೆಗೆ ಬೇಕು ಎಂದು ಹೇಳಿ, ಅವಳು ಡಬ್ಬ ತೆರೆಯುವಷ್ಟರಲ್ಲಿ ಮಾತಾಡುತ್ತ ಮಾತಾಡುತ್ತ ಅದನ್ನು ತಿಂದು ಮುಗಿಸಿದ್ದ, ಇದನ್ನು ಕೇಳಿ ಗೀಚಿ ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಿದ್ದಳು, ನೀನು ಇಂಥದ್ದನ್ನೆಲ್ಲ ಒಳಗೇ ಇಟ್ಕೊಂಡು ಹೆಂಗೇ ಬದುಕ್ತೀಯ, ಹೇಳೇ, ಇನ್ನೊಂದು ಹೇಳೇ.

ಆ ಅಡುಗೆಮನೆಯಲ್ಲೇ ಹೇಳಿದ್ದು. ಕಿಟಕಿಯ ಕಟ್ಟೆಯ ಮೇಲೆ ತೊಳೆದ ನಿಬ್ಬುಗಳು ಒಣಗುತ್ತಿದ್ದವು, ಗೀಚಿಯ ತಾಯಿ ಚಹಾದ ಲೋಟ ತಂದು, ಬೆರಳಿಗೆಲ್ಲ ಮಸಿ ಬಳ್ಕೊಂಡು ಕೂತಿದೀರಲ್ಲ, ಇಬ್ಬರನ್ನೂ ಸೋಪು ಹಾಕಿ ನೆನೆಸಿಡಬೇಕು, ಎಂದು ಬೈದು ಹೋಗಿದ್ದರು, ಅವರು ಹೋದ ಮೇಲೆ ಯಾಕೋ ಗಂಟಲು ಬಿಚ್ಚಿತು, ಇವಳ ಅಮ್ಮನ ಕೊನೆಯ ಸಂಜೆ, ಮಂಚದ ಎದುರಿನ ಬರಿಯ ಗೋಡೆ, ಹೊತ್ತು ಇಳಿಯುವಾಗ ಆ ಗೋಡೆಯ ಮೇಲೆ ಬಂದ ಬಣ್ಣ, ನೀಲಿಯೂ ಅಲ್ಲ ಬೂದಿಯೂ ಅಲ್ಲ, ದೀಪ ಹಾಕಲು ಎದ್ದವಳಿಗೆ ಅಮ್ಮ, ಬೇಡ ಮಗಾ, ಇನ್ನೊಂಚೂರು ಹೊತ್ತು ಇರಲಿ, ಅಂದಿದ್ದು, ಇವಳು ಮತ್ತೆ ಕೂತಿದ್ದು, ಇಬ್ಬರೂ ಗೋಡೆ ನೋಡಿದ್ದು, ಕತ್ತಲಾಗಿ ದೀಪ ಹಾಕಿದಾಗ ಅಮ್ಮ ಇರಲಿಲ್ಲ. ಅಷ್ಟೇ. ಅದನ್ನು ಗಂಡನಿಗೂ ಹೇಳಿರಲಿಲ್ಲ, ತಮ್ಮನಿಗೂ ಹೇಳಿರಲಿಲ್ಲ, ಹೇಳಿದರೆ ಸವೆಯುತ್ತದೆ ಎಂಬ ಭಯ, ದೇವರು ದಿನಾ ಸಂಜೆ ಗೋಡೆಗೆ ಬಳಿದು ತಾನೇ ಅಳಿಸಿಕೊಂಡು ಹೋಗುವ ಬಣ್ಣ ಅದು, ಕೆಳಗೆ ಹೆಸರು ಬರೆದುಕೊಂಡವನಲ್ಲ ಅವನು, ಅದರಲ್ಲೊಂದು ಸಂಜೆಯನ್ನು ಮಾತ್ರ ಬಾಟಲಿಯಲ್ಲಿ ಉಳಿಸಿಕೊಳ್ಳೋಣ ಎಂದು ತನ್ನ ಆಸೆ, ಸಣ್ಣ ಆಸೆ, ಗೀಚಿ ಅವತ್ತು ಅತ್ತಿದ್ದಳು, ಇವಳ ಕೈ ಹಿಡಿದು ಅತ್ತಿದ್ದಳು, ಆ ಅಳು ಸುಳ್ಳಲ್ಲ, ಸುಳ್ಳಾಗಿದ್ದರೆ ಎಷ್ಟು ಸಲೀಸಿತ್ತು.

ಈಗಲೂ ಅಳುತ್ತಿದ್ದಾಳೆ. ಮೇಜಿನ ಆಚೆ ನಿಂತು, ಸುತ್ತ ಕುರ್ಚಿ ಎಳೆದುಕೊಂಡು ಕೂತವರಿಗೆ ಹೇಳುತ್ತಿದ್ದಾಳೆ, ಮಕ್ಕಳಿಗೆ ಕತೆ ಹೇಳುವ ದನಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ನಮ್ಮಮ್ಮ ಅಂದ್ರು, ಬೇಡ ಮಗಾ, ಇನ್ನೊಂಚೂರು ಹೊತ್ತು ಇರಲಿ — ನಮ್ಮಮ್ಮ, ನಮ್ಮಮ್ಮ ಎನ್ನುತ್ತಿದ್ದಾಳೆ, ಮನೆಯಲ್ಲಿ ಗಟ್ಟಿಮುಟ್ಟಾಗಿ ಕೂತು ಟೀವಿ ನೋಡುತ್ತಿರಬಹುದಾದ ತಾಯಿಯನ್ನು ಇಲ್ಲಿ ಮಂಚದ ಮೇಲೆ ಮಲಗಿಸಿ, ಬೆಡ್‌ಶೀಟು ಹೊದಿಸಿ, ಜೀವ ತೆಗೆಯುತ್ತಿದ್ದಾಳೆ, ಇವಳಿಗೆ ನಗು ಬಂತು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಸಾಲಿನ ಹೆಂಗಸು ಮೂಗು ಒರೆಸಿಕೊಂಡಳು. ಆಮೇಲೆ ಗೀಚಿ ತಗ್ಗಿದ ದನಿಯಲ್ಲಿ, ಮಾತು ನಿಂತಿತ್ತು, ಆದ್ರೆ ಕೈ ನಿಂತಿರ್ಲಿಲ್ಲ, ಬೆಡ್‌ಶೀಟಿನ ಸುಕ್ಕನ್ನ ಹಿಂಗೆ, ಹಿಂಗೆ ನೇವರಿಸ್ತಾನೇ ಇದ್ರು, ಯಾರೋ ಬಂದು ಕೂರ್ತಾರೆ ಅನ್ನೋ ಹಾಗೆ — ಎಂದು ಮೇಜಿನ ಬಟ್ಟೆಯನ್ನು ಅಂಗೈಯಿಂದ ನೇವರಿಸಿ ತೋರಿಸಿದಳು, ಒಮ್ಮೆ, ಇನ್ನೊಮ್ಮೆ, ಅವಳ ಮಧ್ಯದ ಬೆರಳಿನ ಗೆಣ್ಣಿನ ಮೇಲೆ ಶಾಯಿಯ ಕಲೆ. ಯಾವ ಕೈ. ಇವಳ ನಗು ಅಲ್ಲೇ ಆರಿತು. ಕೈಯ ವಿಷಯ ಯಾವಾಗ ಹೇಳಿದೆ, ಗೋಡೆ ಹೇಳಿದ್ದೆ, ದೀಪ ಹೇಳಿದ್ದೆ, ಕೈ — ಅಮ್ಮನ ಕೈ ಎಲ್ಲಿತ್ತು ಆಗ, ಎದೆಯ ಮೇಲಿತ್ತೇ, ಪಕ್ಕದಲ್ಲಿತ್ತೇ, ನನ್ನ ಕೈಯೊಳಗಿತ್ತೇ, ನಾನು ಗೋಡೆ ನೋಡುತ್ತಿದ್ದೆನಲ್ಲ, ದೇವರೇ, ನಾನು ಬಣ್ಣ ನೋಡುತ್ತಿದ್ದೆ. ಶಾಯಿಯಾಗಿದ್ದರೆ ಒಂದು ಹನಿ ಬಿಟ್ಟು ನೋಡಬಹುದಿತ್ತು, ಇದು ನನ್ನದು, ಇದು ಅವಳು ಬೆರೆಸಿದ್ದು ಎಂದು ಬೇರೆ ಬೇರೆ ಹರಿದು ಕೂರುತ್ತಿತ್ತು, ಇದನ್ನು ಯಾವ ಕಾಗದದ ಮೇಲೆ ಬಿಡಲಿ.

ಅಯ್ಯೋ, ಬಂದ್ಯಾ! ಗೀಚಿ ಕುರ್ಚಿಗಳ ನಡುವೆ ನುಸುಳಿಕೊಂಡು ಬಂದಳು, ಮುಖ ಒಂದು ಗಳಿಗೆ ಬಿಳುಚಿ ಮತ್ತೆ ತುಂಬಿಕೊಂಡಿತು, ಹೇಳ್ಬೇಕು ಹೇಳ್ಬೇಕು ಅಂತಲೇ ಇದ್ದೆ ಕಣೇ, ಫೋನಲ್ಲಿ ಹೇಳೋ ವಿಷಯಾನಾ ಇದು, ನೀನು ನಾಲ್ಕು ಜನ ಸೇರಿದ ಕಡೆ ಬಾಯೇ ಬಿಡಲ್ಲ, ಅದು ನಿನ್ನ ಕಪಾಟಲ್ಲಿ ಸುಮ್ನೆ ಕೊಳೀತಾ ಬಿದ್ದಿರ್ತಿತ್ತು, ಈಗ ನೋಡು, ಎಷ್ಟು ಜನರ ಪೆನ್ನಲ್ಲಿ ಇರುತ್ತೆ, ನಿಮ್ಮಮ್ಮಂಗೇ ಖುಷಿ ಅಲ್ವಾ. ನಿಮ್ಮಮ್ಮ ಹೇಗಿದಾರೆ, ಎಂದು ಇವಳು ಕೇಳಿದಳು, ಸ್ವಲ್ಪ ಗಟ್ಟಿಯಾಗಿಯೇ ಕೇಳಿದಳೇನೋ, ಗೀಚಿ ತಟ್ಟನೆ ಹಿಂದೆ ನೋಡಿ, ಶ್, ಮೆಲ್ಲಗೆ ಮಾತಾಡೇ ಮಾರಾಯ್ತಿ, ಚೆನ್ನಾಗಿದಾರೆ, ಮೊಣಕಾಲು ನೋವು ಅಷ್ಟೇ, ನಿನ್ನ ಕೇಳ್ತಾ ಇರ್ತಾರೆ — ಎಂದಳು. ಆಗಲೇ ಎದ್ದು ನಿಲ್ಲಬಹುದಿತ್ತು, ಟಿಶ್ಯೂ ಎತ್ತಿ ಹಿಡಿದು ಈ ಹಳದಿಯನ್ನು ನೋಡಿ, ಇದು ನನ್ನ ತಪ್ಪು, ಇವಳು ಕದ್ದದ್ದು ನನ್ನ ತಪ್ಪನ್ನು ಕೂಡ, ಎನ್ನಬಹುದಿತ್ತು, ಯಜಮಾನರು ನಂಬುತ್ತಿದ್ದರು, ಆದರೆ ಆಮೇಲೆ ಅವರೆಲ್ಲ ಕುರ್ಚಿ ಇತ್ತ ತಿರುಗಿಸಿ, ಹಾಗಾದರೆ ನೀವೇ ಹೇಳಿ, ಎನ್ನುತ್ತಿದ್ದರು, ಆ ಸಂಜೆಯನ್ನು ನಾನು ಹೇಳಬೇಕಿತ್ತು, ಕೈ ಸೇರಿಸಿ ಹೇಳಲೋ ಬಿಟ್ಟು ಹೇಳಲೋ. ಅವಳು ಕೇಳಿದ್ದು ಇಷ್ಟೇ, ಗೀಚಿ, ಆ ಸುಕ್ಕು ನೇವರಿಸಿದ್ದು, ಅದನ್ನ ನಾನು ಹೇಳಿದ್ನಾ. ಯಾವುದು, ಕೈಯಾ, ನೀನೇ ಹೇಳಿದ್ದಲ್ವಾ, ಗೀಚಿ ಹುಬ್ಬು ಗಂಟಿಕ್ಕಿದಳು, ನಿಜವಾಗಿಯೂ ಯೋಚಿಸಿದಳು ಪಾಪ, ಇಲ್ಲಾ ನಾನೇ ಸೇರಿಸಿದ್ನೋ, ಮನೇಲಿ ಕನ್ನಡಿ ಮುಂದೆ ಹೇಳ್ಕೊಂಡು ಹೇಳ್ಕೊಂಡು, ಗೊತ್ತಿಲ್ಲ ಕಣೇ, ಚೆನ್ನಾಗಿತ್ತಲ್ವಾ ಆದ್ರೂ, ಎಲ್ರೂ ಅಲ್ಲೇ ಅತ್ರು, ಬಂದೆ ಇರು, ಕರೀತಿದಾರೆ.

ಮೆಟ್ಟಿಲು, ಕಟಕಟೆ, ಝೆರಾಕ್ಸಿನ ಬಿಸಿ ವಾಸನೆ, ಬೀದಿ, ಬಿಸಿಲು, ಹೊರಗೆ ಬಂದದ್ದು ಯಾವಾಗ. ಬಣ್ಣ ಹೋದರೆ ಹೋಗಲಿ, ಹೆಸರು ಹೋಗಲಿ, ಕೊಟ್ಟವನು ದೇವರು, ಎಲ್ಲಿ ಬೇಕಾದರೂ ಹರಿಸಿಕೊಳ್ಳಲಿ, ಅದಕ್ಕೆ ಅಳುವುದಿಲ್ಲ, ಮೊದಲಿಂದ ನೋಡೋಣ, ನಿಧಾನವಾಗಿ, ಯಾರೂ ಇಲ್ಲದ ಹಾಗೆ, ಕಿಟಕಿ, ಮಂಚ, ಗೋಡೆ, ಗೋಡೆಯ ಮೇಲೆ ಅದು ಬರುತ್ತಿದೆ, ನಾನು ಏಳುತ್ತೇನೆ, ಬೇಡ ಮಗಾ, ಕೂರುತ್ತೇನೆ, ಗೋಡೆ ಬಿಟ್ಟು ಈ ಸಲ ಅಮ್ಮನ ಕಡೆ ತಿರುಗುತ್ತೇನೆ, ಬೆಡ್‌ಶೀಟಿನ ಮೇಲೆ ಕೈ, ನೇವರಿಸುತ್ತಿದೆ — ಅಲ್ಲ, ಇನ್ನೊಮ್ಮೆ, ಕಿಟಕಿಯಿಂದ, ಮಂಚ, ಗೋಡೆ, ಬೇಡ ಮಗಾ, ತಿರುಗುತ್ತೇನೆ, ಕೈ, ಸುಕ್ಕಿನ ಮೇಲೆ ಹೋಗಿ ಬರುತ್ತಿದೆ, ಹೋಗಿ ಬರುತ್ತಿದೆ, ಹುಟ್ಟಿದಂದಿನಿಂದ ಪೆನ್ನು ಹಿಡಿಯದ ಅಮ್ಮನ ಕೈ, ಮಧ್ಯದ ಬೆರಳಿನ ಗೆಣ್ಣಿನ ಮೇಲೆ ಶಾಯಿ.