ಎದ್ದು ನಿಂತವರ ಸರದಿ

"ಇನ್ನೂ ನಾಲ್ಕು ನಿಮಿಷ ಇದೆಯಲ್ಲಮ್ಮ, ಕೂತುಬಿಟ್ಟೆ ಯಾಕೆ?" ಗಡಿಯಾರ ಹಿಡಿದಿದ್ದ ಚರ್ಚಾಕೂಟದ ಅಧ್ಯಕ್ಷೆ ಕೇಳಿದಳು.

"ಅವರು ಎದ್ರಲ್ಲ ಅಕ್ಕ," ಎಂದು ಪುಸ್ತಕದ ಬೈಂಡರ್ ಮಗಳು ಎದುರು ಪಕ್ಷದ ಉದ್ದನೆಯ ಹುಡುಗ ಲಂಬೂನತ್ತ ಕೈ ತೋರಿಸಿದಳು.

ಕೋಣೆಯೆಲ್ಲ ಗೊಳ್ಳೆಂದಿತು. "ಒಳ್ಳೇದಾಯ್ತು! ಎದ್ದು ನಿಂತ್ರೆ ಸಾಕು ಗೆಲ್ತೀನಿ, ಬಾಯಿ ನೋಯೋದೂ ತಪ್ಪಿತು," ಎಂದ ಲಂಬೂ.

ಬೈಂಡರ್ ಮಗಳದು ಹತ್ತು ಜನರ ಮನೆ. ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಸಂತೆಯಾಗುತ್ತದೆಂದು ಅಜ್ಜ ಒಂದು ಕಟ್ಟಳೆ ಮಾಡಿದ್ದರು: ಮಾತಾಡುವವರು ಎದ್ದು ನಿಲ್ಲಬೇಕು; ಇನ್ನೊಬ್ಬರು ಎದ್ದರೆ ಮೊದಲಿನವರು ಕೂರಬೇಕು. ಅಜ್ಜ ದೇವರ ಪಾದ ಸೇರಿ ವರ್ಷವಾದರೂ ಅವರ ಮಾತನ್ನು ಯಾರೂ ಮೀರಿರಲಿಲ್ಲ. ಎಲ್ಲರಿಗಿಂತ ಕಿರಿಯಳಾದ ಅವಳು ಆ ಮನೆಯಲ್ಲಿ ಒಂದು ಮಾತನ್ನಾದರೂ ಪೂರ್ತಿ ಮುಗಿಸಿದವಳಲ್ಲ.

"ಅವನು ಎದ್ದಿದ್ದು ಪ್ರಶ್ನೆ ಕೇಳ್ಲಾ ಅಂತ ಅಪ್ಪಣೆ ಬೇಡೋಕೆ," ಎಂದಳು ಅಧ್ಯಕ್ಷೆ. "ಕೊಡೋದು ಬಿಡೋದು ನಿನ್ನಿಷ್ಟ. ಏಳು ನಿಮಿಷಾನೂ ನಿಂದೇ."

"ಏಳೂ?"

"ಏಳೂ. ಮೊದಲಿಂದ ಶುರು ಮಾಡು. ಶನಿವಾರದ ಸ್ಪರ್ಧೆಯ ತಂಡದಲ್ಲಿ ಉಳಿದಿರೋದು ಒಂದೇ ಜಾಗ, ನಿನಗೆ ಇದೇ ಕೊನೇ ಅವಕಾಶ."

ಆ ಜಾಗಕ್ಕಾಗಿ ಅವಳು ವಾರವಿಡೀ ಕನ್ನಡಿಯ ಮುಂದೆ ನಿಂತು ಗಂಟಲು ಒಣಗಿಸಿಕೊಂಡಿದ್ದಳು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಎದ್ದಳು. ಗ್ರಂಥಾಲಯದಲ್ಲಿ ಮಾತಿಗೆ ಅವಕಾಶ ಬೇಕೆಂದು ವಾದಿಸುವುದು ಅವಳ ಪಾಲಿಗೆ ಬಂದಿತ್ತು.

"ನಮ್ಮಪ್ಪನ ಹತ್ರ ರಟ್ಟು ಹಾಕಿಸೋಕೆ ಬರೋ ಪುಸ್ತಕ ನೋಡಿದ್ದೀನಿ. ಯಾವ ಪುಸ್ತಕದ ಮೇಲೆ ನಾಲ್ಕು ಜನ ಕೂತು ಜಗಳ ಆಡಿರ್ತಾರೋ ಅದು ಹರಿದು ಬರುತ್ತೆ. ಯಾವುದರ ಬಗ್ಗೆ ಯಾರೂ ಮಾತಾಡಿರಲ್ವೋ ಅದು ಹೊಸದಾಗೇ ಇರುತ್ತೆ, ಹುಳ ಮಾತ್ರ ಓದಿರುತ್ತೆ..."

ಲಂಬೂ ಎದ್ದ.

ಅವಳ ಮೊಣಕಾಲು ತಾನಾಗಿಯೇ ಬಾಗಿತು. ಬೆಂಚು ಅರ್ಧ ಗೇಣು ದೂರವಿದ್ದಾಗ ಮೇಜನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ತಾಳಿ ಅಣ್ಣ, ಈ ಮಾತು ಮುಗೀಲಿ. ಕೂತ್ಕೊಳ್ಳಿ."

ಆರಡಿ ಆಳು ಕೂತೇಬಿಟ್ಟ! ಅವಳು ಮೇಜಿನಿಂದ ಕೈ ತೆಗೆದು ನೆಟ್ಟಗೆ ನಿಂತಳು. ಮಾತು ಕಟ್ಟೆಯೊಡೆದು ಬಂತು. ಆ ಮಾತನ್ನು ಮುಗಿಸಿ, ಇನ್ನೊಂದನ್ನೂ ಮುಗಿಸಿ, ತಾನಾಗಿಯೇ ಅವನ ಕಡೆ ತಿರುಗಿದಳು. "ಹ್ಞೂಂ, ಈಗ ಕೇಳಿ."

"ಎಲ್ಲರೂ ಮಾತಾಡಿದ್ರೆ ಓದೋನು ಎಲ್ಲಿಗೆ ಹೋಗ್ಬೇಕು?"

"ಅವನಿಗೊಂದು ಕೋಣೆ ಬಿಟ್ಟುಕೊಡೋಣ ಅಣ್ಣ. ಈಗ ಮಾತಾಡೋರಿಗೆ ಒಂದು ಮೂಲೆನೂ ಇಲ್ವಲ್ಲ!"

ಈ ಸಲ ನಗು ಲಂಬೂನ ಕಡೆ ತಿರುಗಿತು. ಅವನೂ ನಕ್ಕ.

ಗಂಟೆ ಬಾರಿಸಿದರೂ ಅವಳು ನಿಲ್ಲಿಸಲಿಲ್ಲ. "ಸಾಕಮ್ಮ ತಾಯಿ!" ಎಂದು ಅಧ್ಯಕ್ಷೆ ಮೇಜು ಕುಟ್ಟಿದಳು. "ಶನಿವಾರ ಸ್ಪರ್ಧೆಯಲ್ಲೂ ಹೀಗೇ ಹೊತ್ತು ಮೀರಿದ್ರೆ ತಂಡದ ಅಂಕ ಕಳೀತಾರೆ."

ತಾನು ತಂಡಕ್ಕೆ ಸೇರಿದೆನೆಂಬುದು ತಲೆಗಿಳಿಯುವಷ್ಟರಲ್ಲಿ ಅವಳು ಮೆಟ್ಟಿಲು ಇಳಿಯುತ್ತಿದ್ದಳು. ಉಳಿದುಹೋದ ವಾದವನ್ನು ಬರಿಯ ಗೋಡೆಗಳಿಗೆ ಕೈಬೀಸಿ ಹೇಳುತ್ತಿದ್ದಳು. ಕೆಳಗೆ ಗುಡಿಸುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಆಗತಾನೇ ಗುಡಿಸಿದ್ದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.

"ಆಮೇಲೆ?" ಎಂದಳು.