ನಿಲ್ಲುವ ಕಾಲು

ಕವನಾಳ ಬಲಪಾದ ಹುಟ್ಟಿದಾಗಿನಿಂದ ಒಳಕ್ಕೆ ತಿರುಗಿತ್ತು. ಅಂಗಾಲು ನೆಲ ಮುಟ್ಟುತ್ತಿರಲಿಲ್ಲ, ಪಾದದ ಹೊರ ಅಂಚು ಮುಟ್ಟುತ್ತಿತ್ತು. ಆ ಅಂಚಿನ ಮೇಲೇ ನಡೆದು ನಡೆದು ಅಲ್ಲಿ ಗೊರಸಿನಂಥ ಜಡ್ಡು ಬೆಳೆದಿತ್ತು. ಶುಂಠಿ ತೊಳೆಯುವ ಕಣದ ಕೆಸರುನೀರಿನಲ್ಲಿ ದಿನವಿಡೀ ನಿಂತರೆ ಜಡ್ಡು ಬಿರಿದು ರಕ್ತ ಜಿನುಗುತ್ತಿತ್ತು. ಸಂಜೆ ಅವ್ವ ಮಾಯಮ್ಮ ಹರಳೆಣ್ಣೆ ಸವರಿ, ಹಳೇ ಸೀರೆಯ ಚೂರು ಸುತ್ತುತ್ತಿದ್ದಳು. ಬೆಳಿಗ್ಗೆ ಮತ್ತೆ ಅದೇ ನೀರು.

ಹೊಳೆನರಸೀಪುರದ ರಸ್ತೆ ಬದಿಯ ಆ ಕಣ ಸಿದ್ದೇಶ್ವರನದು. ಕಣದ ಹಿಂದೆ ಮಾಯಮ್ಮನಂಥ ಆಳುಗಳಿರುವ ಲೈನ್‌ಮನೆಗಳೂ ಅವನವೇ. ಹೋದ ವರ್ಷ ಬೆಲ್ಟ್ ಯಂತ್ರ ತಂದಿದ್ದ. ಶುಂಠಿ ಬೆಲ್ಟಿನ ಮೇಲೆ ಹರಿದು ಬರುತ್ತದೆ, ಎರಡೂ ಕಡೆ ಹೆಂಗಸರು ನಿಂತು ಕೊಳೆತದ್ದನ್ನು ಆರಿಸಬೇಕು. ಕೂತರೆ ಕೈ ನಿಲುಕುವುದಿಲ್ಲ.

ಆದರೆ ಹೇಮಾವತಿ ನಾಲೆಗೆ ನೀರು ಬಿಟ್ಟರೆಂದರೆ ಸಾಕು, ಹೆಂಗಸರೆಲ್ಲ ಪುಟ್ಟತಾಯಮ್ಮನ ಹಿಂದೆ ಗುಂಪು ಕಟ್ಟಿಕೊಂಡು ನಾಟಿಗೆ ಹೋಗಿಬಿಡುತ್ತಿದ್ದರು. ನಾಟಿಯಲ್ಲಿ ಕೂಲಿ ಇಷ್ಟೆಂದು ಹೇಳುವವಳು ಪುಟ್ಟತಾಯಮ್ಮ. ಗದ್ದೆಯವರು ಗೊಣಗಿದರೆ, "ಬ್ಯಾಡ್ದಿದ್ರೆ ಬುಡಣ್ಣ, ನಿನ್ ಎಡ್ತಿ ಸೆರಗ್ ಕಟ್ಕಂಡು ಇಳೀಲಿ" ಎನ್ನುತ್ತಿದ್ದಳು. ಕೊಡುತ್ತಿದ್ದರು.

ಕವನಾಳೂ ಹೋಗುತ್ತಿದ್ದಳು. ರಸ್ತೆಯಲ್ಲಿ ಕುಂಟುವ ಹುಡುಗಿ ಗದ್ದೆಗಿಳಿದರೆ ಯಾರಿಗೂ ಕಮ್ಮಿಯಿರಲಿಲ್ಲ. ಕೆಸರು ಅವಳ ಪಾದವನ್ನು ಹೇಗಿದೆಯೋ ಹಾಗೇ ಹಿಡಿದುಕೊಳ್ಳುತ್ತಿತ್ತು. ಆ ದಿನಗಳಲ್ಲಿ ಸಿದ್ದೇಶ್ವರ ಆಳಿಲ್ಲದ ಬೆಲ್ಟಿನ ಮುಂದೆ ನಿಂತು ಬೈಯುತ್ತಿದ್ದ.

ಅಂಥವನು ಒಂದು ದಿನ ಮಾಯಮ್ಮನ ಬಾಗಿಲಿಗೇ ಬಂದ.

"ಮಾಯಕ್ಕ, ಮಗಳ ಕಾಲು ನೆಟ್ಟಗೆ ಮಾಡ್ಸಾನ. ಆಸನದಲ್ಲಿ ನಂಗೊತ್ತಿರೋ ಡಾಕ್ಟ್ರವ್ರೆ. ನಾನೇ ಕರ್ಕಂಡೋಯ್ತೀನಿ."

ಮಾಯಮ್ಮ ಕೈ ಮುಗಿದಳು.

ಹಾಸನದ ಡಾಕ್ಟರು ಪಾದವನ್ನು ಅತ್ತಿತ್ತ ಅಲುಗಿಸಿ ನೋಡಿದರು. "ಕೂಸಾಗಿದ್ದಾಗಲೇ ವಾರವಾರ ಪ್ಲಾಸ್ಟರ್ ಹಾಕಿಸಬೇಕಿತ್ತಲ್ಲಮ್ಮ" ಎಂದರು. ಆ ವಾರವಾರದ ರಜೆಯನ್ನು ಕೊಡದಿದ್ದವನು ಆಗ ಕಣ ನಡೆಸುತ್ತಿದ್ದ ಸಿದ್ದೇಶ್ವರನ ಅಪ್ಪ.

"ಈಗ ಎರಡು ದಾರಿ ಇದೆ" ಎಂದರು ಡಾಕ್ಟರು. "ಒಂದು, ಪಾದ ನೆಟ್ಟಗೆ ಕೂರಿಸಿ ಕೀಲುಗಳನ್ನ ಬೆಸೆದುಬಿಡೋದು. ಒಂದೇ ಆಪರೇಷನ್. ಮೂರ್ನಾಲ್ಕು ತಿಂಗಳಿಗೆ ಸಮನೆಲದಲ್ಲಿ ನಿಂತು ಕೆಲಸ ಮಾಡಬಹುದು. ಆದರೆ ಪಾದ ಹಲಗೆ ಥರ ಆಗುತ್ತೆ. ಬದುವಿನ ಮೇಲೆ, ಕೆಸರಲ್ಲಿ ಹೊಂದಿಕೊಳ್ಳಲ್ಲ. ಇನ್ನೊಂದು, ಕಾಲಿನ ಸುತ್ತ ಉಕ್ಕಿನ ಬಳೆ ಹಾಕಿ, ದಿನಾ ಚೂರುಚೂರೇ ತಿರುಗಿಸೋದು. ವರ್ಷ ಹಿಡೀಬಹುದು. ನೋವು, ಕೀವು ಎಲ್ಲ ಇರುತ್ತೆ. ಆಮೇಲೆ ಸ್ವಲ್ಪ ವಾಪಸ್ ತಿರುಗಿದ್ರೂ ತಿರುಗಬಹುದು. ಆದರೆ ಕೀಲು ಉಳಿಯುತ್ತೆ. ಇವಳು ಏನು ಕೆಲಸ ಮಾಡ್ತಾಳೆ?"

ಯಾರ ಗಾಡಿಯಲ್ಲಿ ಬಂದಿರುತ್ತಾರೋ ಅವರೇ ಮಾತಾಡಬೇಕು. ಲೈನ್‌ಮನೆಯವರ ವಾಡಿಕೆ ಅದು. ಸ್ಟೇಷನ್ನಿಗೆ ಹೋದರೂ ಅಷ್ಟೇ, ಬ್ಯಾಂಕಿಗೆ ಹೋದರೂ ಅಷ್ಟೇ. ಮಾಯಮ್ಮ ಸೆರಗು ಸರಿಮಾಡಿಕೊಂಡು, "ಅಣ್ಣೋರೇ ಯೋಳ್ತರೆ ಸಾ" ಎಂದುಬಿಟ್ಟಳು.

"ನಿಂತ್ಕಂಡ್ ಮಾಡೋ ಕೆಲ್ಸ ಸಾರ್" ಎಂದ ಸಿದ್ದೇಶ್ವರ. "ಬೆಸೆದ್ಬುಡಿ."

"ಹೊರಗೆ ಕೂತಿರಿ. ಸಹಿ ಹಾಕೋಕೆ ಕರೀತಾರೆ."

ಹೊರಗೆ ಅವ್ವ ಮಗಳು ಬೆಂಚಿನ ಮೇಲೆ ಕೂತರು. ಸಿದ್ದೇಶ್ವರ ಅವರಿಗೆ ಬೆನ್ನು ಹಾಕಿ ಕಿಟಕಿಯ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ. ಮೆಲ್ಲಗೆ ಮಾತಾಡಿ ಅವನಿಗೆ ಅಭ್ಯಾಸವಿಲ್ಲ.

"ಮೂರ್ನಾಕು ತಿಂಗ್ಳು ಕಣ್ಲಾ, ಆಮೇಲೆ ಸಾಯೋಗಂಟ ಬೆಲ್ಟೇ. ಗದ್ದೆಗೆಲ್ ಇಳೀತಾಳೆ? ಇವ್ಳು ನಿಂತ್ರೆ ಅವ್ವನೂ ನಿಲ್ತಾಳೆ. ಒಂದ್ ಕಾಲಿಗೆ ಎಲ್ಡಾಳು!"

ನಕ್ಕ.

ಕವನಾ ಅವ್ವನ ಕಡೆ ತಿರುಗಿದಳು. "ಕೇಳುಸ್ತಾ? ಬೆಲ್ಟಿಗೆ ಅಳತೆ ತಗಂಡು ನನ್ ಕಾಲು ಮಾಡುಸ್ತಾವ್ನೆ."

"ನೆಟ್ಟಗಾಯ್ತದೆ ಅಂದ್ರು. ನಂಗೆ ಅಷ್ಟೇ ಕೇಳುಸ್ತು ಕಣವ್ವ" ಎಂದಳು ಮಾಯಮ್ಮ.

ಮಗಳ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಟ್ಟೆ ಬಿಚ್ಚಿ ಮತ್ತೆ ಸುತ್ತಿದಳು. ಸುತ್ತುವಂಥದ್ದೇನೂ ಇರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಒಳಗೆ ಕರೆದರು. ಸಿದ್ದೇಶ್ವರ ಪೆನ್ನು ತೆಗೆದು ಮಾಯಮ್ಮನ ಕೈಗೆ ಕೊಟ್ಟ. ಅವಳು ಅದನ್ನು ಮೇಜಿನ ಮೇಲಿಟ್ಟಳು.

"ಸಾ, ಆಗ್ಲೇ ಕೇಳುದ್ರಲ್ಲ, ಏನ್ ಕೆಲ್ಸ ಅಂತ. ಅದ್ನ ಇನ್ನೊಂದ್ಸಲ ಕೇಳಿ. ನನ್ನಲ್ಲ, ಅವ್ಳನ್ನ."

"ಅವ್ಕೇನ್ ಗೊತ್ತಾಯ್ತದೆ ಸಾರ್, ನೀವು..." ಎಂದ ಸಿದ್ದೇಶ್ವರ.

"ಗದ್ದೆಗಿಳೀತೀನಿ ಸಾ" ಎಂದಳು ಕವನಾ. "ನಾಟಿ, ಕಳೆ, ಎಲ್ಲಾ. ಕಣ ಬ್ಯಾಡ ಅನ್ಸುದ್ರೆ ಎದ್ದೋಗಕ್ಕೆ ನಂಗೆ ಆ ಗದ್ದೆ ಒಂದೇ ಇರೋದು. ಬೆಸೀಬ್ಯಾಡಿ. ಬಳೆ ಆಕಿ."

"ನೋವು ತಡ್ಕೋತೀಯಾ? ಪೂರ್ತಿ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

"ಈಗೇನ್ ಸುಖವಾಗದೆ ಸಾ?"

ಡಾಕ್ಟರು ಗಡಿಯಾರ ನೋಡಿಕೊಂಡರು. "ಅದಕ್ಕೆ ಸರದಿ ಉದ್ದ ಇದೆ. ಕಾಯಬೇಕು."

"ಕಾಯ್ತೀವಿ" ಎಂದಳು ಮಾಯಮ್ಮ.

"ಎಲ್ಲಿ ಕಾಯ್ತೀಯೆ? ನನ್ ಮನೇಲಾ?" ಸಿದ್ದೇಶ್ವರ ಪೆನ್ನು ಜೇಬಿಗಿಟ್ಟುಕೊಂಡ. "ಉಪ್ಕಾರ ಮಾಡಕ್ಬಂದ್ರೆ ಇಂಗಾ? ಬಸ್ಸಲ್ ಬನ್ನಿ."

ಬಸ್ಸಿನಲ್ಲೇ ಬಂದರು. ಇಳಿಯುವಷ್ಟರಲ್ಲಿ ಅವರ ಮನೆಗೆ ಬೀಗ ಬಿದ್ದಿತ್ತು. ಪಾತ್ರೆ, ಚಾಪೆ, ರಾಗಿಚೀಲ ಕಣದ ಕೆಸರಲ್ಲಿ ಬಿದ್ದಿದ್ದವು. ಹೆಂಗಸರು ಬೆಲ್ಟು ಬಿಟ್ಟು ಸುತ್ತ ನಿಂತಿದ್ದರು. ಶುಂಠಿ ತುಂಬಬೇಕಾದ ಲಾರಿಯವನು ಗೇಟಿನ ಹೊರಗೆ ಹಾರ್ನ್ ಬಾರಿಸುತ್ತಿದ್ದ.

"ಏನಾಯ್ತವ್ವ?" ಎಂದಳು ಪುಟ್ಟತಾಯಮ್ಮ.

ಮಾಯಮ್ಮ ಎಲ್ಲ ಹೇಳಿದಳು. ಫೋನಿನ ಮಾತನ್ನೂ ಹೇಳಿದಳು. ಬೆಲ್ಟಿಗೆ ಅಳತೆ ತಗಂಡವ್ನೆ ಎಂದ ಮಗಳ ಮಾತನ್ನೂ ಹೇಳಿದಳು.

"ತಮಾಸೆ ನೋಡ್ತಾ ನಿಂತಿದೀರಾ?" ಸಿದ್ದೇಶ್ವರ ಕೂಗಿದ. "ನಡೀರಿ ಬೆಲ್ಟಿಗೆ!"

ಪುಟ್ಟತಾಯಮ್ಮ ರಾಗಿಚೀಲ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ನಮ್ ಕಾಲಿಗೂ ಅಳತೆ ತಗಂಡಿದೀಯಾ ಸಿದ್ದೇಶಣ್ಣ? ಬೀಗ ತಗಿ. ಆಮೇಲೆ ಬೆಲ್ಟಿನ್ ಮಾತು."

"ನೀವಲ್ದಿದ್ರೆ ಅರಕಲಗೂಡಿಂದ ಆಳು ಕರುಸ್ತೀನಿ ಕಣಮ್ಮಿ. ನಾಳೆ ಬೆಳಿಗ್ಗೆಗೇ!"

"ಕರ್ಸು ಕರ್ಸು. ಅವ್ರೂ ನಮ್ಮಂಥೋರೇ. ನಡ್ದಿದ್ದ ಅವ್ರಿಗೂ ಯೋಳ್ತೀವಿ."

ಲಾರಿ ಇನ್ನೊಮ್ಮೆ ಹಾರ್ನ್ ಮಾಡಿತು. ಅದನ್ನು ಒಳಗೆ ಬಿಡಲು ಸಿದ್ದೇಶ್ವರ ಗೇಟು ತೆಗೆದ. ಅವನು ಈಚೆ ತಿರುಗುವುದರೊಳಗೆ ಕವನಾ ಕುಂಟುತ್ತ ಹೋಗಿ ಗೇಟಿನ ನಡುವೆ ಕೂತಳು. ಸುತ್ತಿದ್ದ ಬಟ್ಟೆ ಬಿಚ್ಚಿ ಹಾಕಿ, ಬಲಗಾಲನ್ನು ಲಾರಿಯ ಚಕ್ರಕ್ಕೆ ಅಡ್ಡವಾಗಿ ಉದ್ದಕ್ಕೆ ಚಾಚಿದಳು.

ಮಾಯಮ್ಮ ಹೋಗಿ ಅವಳ ಪಕ್ಕದಲ್ಲಿ ಕೂತಳು.